ಮೊದಲ ನೆರೆ

ಬಾಲೆಂಚಿಯೊನ ಶವ ಆಸ್ಪತ್ರೆಯ ಪರೀಕ್ಷೆ ಮುಗಿದು ಮನೆಗೆ ಬಂದದ್ದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ. ಮೂರೂಕಾಲಿಗೆ ಅವನ ಹೆಂಡತಿ ಕೊಂಚೇಸಿ ತಿಬುರ್ಸಿಯೊನ ಹೊಸ್ತಿಲಲ್ಲಿ ನಿಂತಿದ್ದಳು. ತಲೆಗೆ ಕಪ್ಪು ಬಟ್ಟೆ, ಕಾಲಿಗೆ ಕೊಟ್ಟಿಗೆಯ ರಬ್ಬರ್ ಬೂಟು.

"ನಮ್ಮನೆ ಬಾಗಿಲು ತೆರೆದಿದೆ, ಓಲಸಾರ್," ಎಂದಳು.

ಸ್ಪೇನಿನ ಬಾಸ್ಕ್ ಜನರ ಆ ಬೆಟ್ಟದಲ್ಲಿ ಮನುಷ್ಯರನ್ನು ಮನೆಯ ಹೆಸರಿನಿಂದ ಕರೆಯುತ್ತಾರೆ. ತಿಬುರ್ಸಿಯೊ ಇದ್ದ ಮನೆ ಓಲಸಾರ್. ಬಾಲೆಂಚಿಯೊ ಇದ್ದದ್ದು ಸುಮಿಚ್. ಸಾವಾದ ಮನೆಯಿಂದ ಇಗರ್ಜಿಗೆ ಇಳಿಯುವ ಹಾದಿಯಲ್ಲಿ ಮೊದಲು ಸಿಗುವ ಮನೆಯವನು ಮೊದಲ ನೆರೆ. ಬಾಗಿಲು ತೆರೆದಿದೆ ಎಂದು ಅವನಿಗೆ ಹೇಳಿದರೆ ಸಾಕು. ಅವನು 'ಬಂದೆ' ಎಂದು ಟೋಪಿ ತೆಗೆದುಕೊಂಡು ಹೊರಡುತ್ತಾನೆ. ಪಾದ್ರಿಗೆ ತಿಳಿಸುವವನು ಅವನು, ಹೊರುವವರನ್ನು ಕೂಡಿಸುವವನು ಅವನು, ಶಿಲುಬೆ ಹಿಡಿದು ಹೆಣದ ಮುಂದೆ ನಡೆಯುವವನೂ ಅವನೇ. ತಾತ ಮುತ್ತಾತಂದಿರ ಕಾಲದಿಂದ ಆ ಎರಡು ಮಾತುಗಳ ನಡುವೆ ಮೂರನೆಯದೊಂದು ಬಂದದ್ದಿಲ್ಲ.

ತಿಬುರ್ಸಿಯೊ ಆ ಮೂರನೆಯದನ್ನು ಆಡಿದ.

"ಹೊಸ ರಸ್ತೆ ಹಿಡಿದ್ರೆ ಮೊದಲ ನೆರೆ ಅರಿಯೇತದವರಾಗ್ತಾರಲ್ವಾ, ಕೊಂಚೇಸಿ?"

ಅವಳು ಅವನ ಕಣ್ಣನ್ನು ನೋಡಲಿಲ್ಲ. ಬಾಯನ್ನು ನೋಡಿದಳು, ಮಾತು ಅಲ್ಲಿಂದಲೇ ಬಂತೇ ಎಂದು ಖಚಿತಪಡಿಸಿಕೊಳ್ಳುವವಳಂತೆ. ಆಮೇಲೆ ತಿರುಗಿ ಹೊರಟುಹೋದಳು. ಒಳಗೆ ಒಲೆಯ ಬಳಿ ಕುಳಿತಿದ್ದ ಮಿಕಾಯೆಲಾ, ತಿಬುರ್ಸಿಯೊನ ಹೆಂಡತಿ, ಇದನ್ನೆಲ್ಲ ಕೇಳಿಸಿಕೊಂಡಳು. ಆ ಗಳಿಗೆಯಿಂದ ಅವನೊಡನೆ ಮಾತು ನಿಲ್ಲಿಸಿದಳು.

ಬಾಲೆಂಚಿಯೊ ಅಂಚೆಯವನು. ಸೋಮವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ, ಚೀಲ ಹೆಗಲ ಮೇಲಿದ್ದಂತೆಯೇ, ರಸ್ತೆಯ ತಿರುವಿನಲ್ಲಿ, ಬಾಸ್ಕ್ ನಾಡಿನ ಬಿಡುಗಡೆಗೆಂದು ಬಂದೂಕು ಹಿಡಿದ ಹುಡುಗರಲ್ಲಿ ಇಬ್ಬರು ಅವನನ್ನು ಕೊಂದರು. ಎರಡು ಗುಂಡು. ಕಾರಣವನ್ನು ಆಗಸ್ಟ್ ಕೊನೆಯಲ್ಲೇ ಚೆಂಡಾಟದ ಗೋಡೆಯ ಮೇಲೆ ಬರೆದಿದ್ದರು: ಅವನ ಹೆಸರು, 'ಚಾಡಿಕೋರ' ಎಂಬ ಶಬ್ದ, ಎರಡರ ಸುತ್ತ ಗುರಿಯ ವೃತ್ತ. ಅವನು ದಿನವೂ ಹಸಿರಂಗಿಗಳ, ಅಂದರೆ ಮ್ಯಾಡ್ರಿಡ್ ಸರ್ಕಾರದ ಪೊಲೀಸರ, ಠಾಣೆಗೆ ಹೋಗುತ್ತಾನೆ ಎಂಬುದೇ ಸಾಕ್ಷ್ಯ. ಠಾಣೆಗೆ ದಿನವೂ ಹೋಗದ ಅಂಚೆಯವನು ಯಾವ ದೇಶದಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ. ಹನ್ನೊಂದು ವಾರ ಊರು ಆ ಗೋಡೆಗೇ ಚೆಂಡು ಹೊಡೆದು ಆಡಿತು. ಅಷ್ಟು ದಿನವೂ ಪುರಸಭೆಗೆ ಒಂದು ಡಬ್ಬಿ ಸುಣ್ಣ ಸಿಗಲಿಲ್ಲ. ತಿಬುರ್ಸಿಯೊ ಪ್ರತಿ ಭಾನುವಾರ ಪೂಜೆ ಮುಗಿಸಿ ಅಲ್ಲಿ ಆಟ ನೋಡುತ್ತ ನಿಂತಿದ್ದ. ಚೆಂಡು ಹೆಸರಿಗೆ ತಗುಲಿದಾಗಿನ ಸದ್ದಿಗೂ ಬರಿಗೋಡೆಗೆ ತಗುಲಿದಾಗಿನ ಸದ್ದಿಗೂ ವ್ಯತ್ಯಾಸವಿರಲಿಲ್ಲ.

ಕೊಲೆಯಾದ ದಿನ ಮಧ್ಯಾಹ್ನ ಪೇಟೆಯ ಪಾನಶಾಲೆಯಲ್ಲಿ ಮಾತು ನಡೆಯಿತು.

"ಹುಡುಗರು ಸುಮ್‌ಸುಮ್ನೆ ಕೈ ಹಾಕಲ್ಲ," ಎಂದ ಒಬ್ಬ.

"ಏನೋ ಮಾಡಿರ್ಬೇಕು ಬಿಡು," ಎಂದ ಇನ್ನೊಬ್ಬ.

ತಿಬುರ್ಸಿಯೊ ತಲೆಯಾಡಿಸಿದ. ಅದಕ್ಕೆ ಐದು ದಿನ ಮೊದಲು ಅವನ ಸ್ವಂತ ಮಗ ಬೆನ್ಯಾತ್‌ನನ್ನು ಹಸಿರಂಗಿಗಳು ಕಾರ್ಖಾನೆಯ ಗೇಟಿನಿಂದ ಎತ್ತಿಕೊಂಡು ಹೋಗಿದ್ದರು. ಸಿಕ್ಕಿಬಿದ್ದ ಯಾರದೋ ಜೇಬಿನ ಪುಸ್ತಕದಲ್ಲಿ ಅವನ ಫೋನ್ ನಂಬರ್ ಇತ್ತಂತೆ. ಹೊಸ ಕಾನೂನಿನ ಪ್ರಕಾರ ಹತ್ತು ದಿನ ವಕೀಲರಿಲ್ಲ, ಮನೆಯವರಿಲ್ಲ, ಇದ್ದಾನೋ ಇಲ್ಲವೋ ಎಂಬ ಸುದ್ದಿಯಿಲ್ಲ. ವಿಚಾರಿಸಲು ಹೋದಾಗ ಸರ್ಕಾರಿ ಕಚೇರಿಯ ಗುಮಾಸ್ತ ಕಾಗದದಿಂದ ತಲೆಯೆತ್ತದೆ ಸ್ಪ್ಯಾನಿಷಿನಲ್ಲಿ ಹೇಳಿದ್ದ: "ಸುಮ್ನೆ ಯಾರನ್ನೂ ಹಿಡಿಯಲ್ಲ ಯಜಮಾನ್ರೇ. ಏನೋ ಮಾಡಿರ್ಬೇಕು." ಎರಡು ಭಾಷೆ, ಎರಡು ಪಕ್ಷ, ಮಾತು ಒಂದೇ. ಅದು ತನ್ನ ಮಗನ ಮೇಲೆ ಬಿದ್ದಾಗ ತಿಬುರ್ಸಿಯೊನಿಗೆ ಮೈ ಉರಿದಿತ್ತು. ಐದೇ ದಿನಗಳಲ್ಲಿ, ನೆರೆಯವನ ಮೇಲೆ ಬಿದ್ದಾಗ, ತಲೆ ತಾನಾಗಿಯೇ ಆಡಿತು.

ಬುಧವಾರ ಸಂಜೆಯ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಪ್ರಾಂತದ ಅಧಿಕಾರಿಯೊಬ್ಬ ಸುಮಿಚ್ ಮನೆಗೆ ಬಂದು, ಶವವನ್ನು ಸರ್ಕಾರವೇ ಮಣ್ಣು ಮಾಡುತ್ತದೆ ಎಂದಿದ್ದ. ಪ್ರಾಂತದ ರಾಜಧಾನಿಯಲ್ಲಿ ಬ್ಯಾಂಡು, ಬಾವುಟ, ಮಂತ್ರಿಯ ಭಾಷಣ. ಪೆಟ್ಟಿಗೆಯ ಮೇಲೆ ಒಂದು ಪದಕ. ಕೊಂಚೇಸಿ ಬೇಡವೆಂದಳು. ಗಂಡ ಚಾಡಿಕೋರನಲ್ಲ, ಪದಕ ಎದೆಗೇರಿದರೆ ಗೋಡೆಯ ಮೇಲಿನ ಸುಳ್ಳಿಗೆ ಸರ್ಕಾರವೇ ಮೊಹರು ಹಾಕಿದಂತೆ. ಅವನು ಇಗರ್ಜಿಗೆ ಇಳಿಯುವ ಹಳೆಯ ಹೆಣದ ದಾರಿಯಲ್ಲಿ, ಮನೆತನದವರು ಹೋದ ಹಾಗೆಯೇ, ನೆರೆಯವರ ಹೆಗಲ ಮೇಲೆ ಹೋಗಬೇಕು.

"ಹೊರೋರು ಯಾರಮ್ಮ?" ಎಂದು ಅಧಿಕಾರಿ ಕೇಳಿದನಂತೆ. "ಒಬ್ಬರೂ ಬಂದ ಹಾಗೆ ಕಾಣಲ್ಲ."

"ಮೊದಲ ನೆರೆ ಬರ್ತಾನೆ," ಎಂದಳಂತೆ ಕೊಂಚೇಸಿ. ಓಲಸಾರ್ ಹೊಸ್ತಿಲಿನಿಂದ ಬರಿಗೈಲಿ ಮರಳಿ ಆಗ ಎರಡು ಗಂಟೆಯೂ ಆಗಿರಲಿಲ್ಲ.

ಗುರುವಾರ ಹನ್ನೊಂದು ಗಂಟೆಯವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಹೊರುವವರು ಬಾರದಿದ್ದರೆ ವ್ಯಾನಿಗೆ ಹಾಕುತ್ತೇವೆ ಎಂದು ಹೇಳಿ ಅಧಿಕಾರಿ ಹೋದ.

ಗುರುವಾರ ಬೆಳಿಗ್ಗೆ ಏಳೂವರೆಗೆ ತಿಬುರ್ಸಿಯೊ ಹುಲ್ಲು ಕಟ್ಟುವ ಹಗ್ಗಕ್ಕೆ ಮೀಟರಿಗೊಂದರಂತೆ ಗಂಟು ಹಾಕಿಕೊಂಡು ಅಳೆಯಲು ಹೊರಟ. ಹಳೆಯ ಹೆಣದ ದಾರಿ ಅವನ ಅಂಗಳದ ಮುಂದೆಯೇ ಹಾಯುತ್ತಿತ್ತು: ಸುಮಿಚ್‌ನಿಂದ ಇನ್ನೂರ ನಲವತ್ತು ಮೀಟರ್. ಆರು ವರ್ಷದ ಹಿಂದೆ ಬಂದ ಟಾರು ರಸ್ತೆ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಇಳಿಯುತ್ತಿತ್ತು; ಅದರಲ್ಲಿ ಮೊದಲು ಸಿಗುವುದು ಅರಿಯೇತ. ಕಾಗದದ ಮೇಲೆ ತನ್ನ ವಾದ ಸರಿಯಾಗಿಯೇ ಇದೆ ಎಂದು ಅವನಿಗೆ ಅನ್ನಿಸಿತ್ತು. ಟಾರು ರಸ್ತೆಗೆ ಬಂದು ನೋಡಿದರೆ ಮಂಜಿನಲ್ಲಿ ಇನ್ನೊಬ್ಬ ಮುದುಕ ಬಗ್ಗಿ ನಿಂತಿದ್ದ. ಅರಿಯೇತದ ಕಾಂದಿದೊ. ಅವನ ಕೈಯಲ್ಲಿ ಮೇಸ್ತ್ರಿಗಳ ಐವತ್ತು ಮೀಟರಿನ ಟೇಪು.

ಇಬ್ಬರೂ ಕೈಯಲ್ಲಿದ್ದದ್ದನ್ನು ಬೆನ್ನ ಹಿಂದೆ ಸರಿಸಿದರು. ಕದಿಯಲು ಹೋದ ಮನೆಯಲ್ಲಿ ನೆರೆಯವನನ್ನೇ ಕಂಡ ಹಾಗೆ.

"ನಿಂದು ಎಷ್ಟು ಬಂತು?" ಎಂದ ಕಾಂದಿದೊ.

"ಹೊಸ ರಸ್ತೇಲಿ ಮೊದಲು ಸಿಗೋದು ನೀನು. ಅಳೆಯೋದೇನಿದೆ?"

"ಇದೆ ಕಣಯ್ಯ. ನಿನ್ನ ಹುಲ್ಲಿನ ಕೊಟ್ಟಿಗೆ ಮೂಲೆ ಈ ರಸ್ತೆಗೆ ತಾಗತ್ತೆ. ನೂರ ಎಂಬತ್ತು. ನಾನು ಇನ್ನೂ ನೂರ ಮೂವತ್ತು ಕೆಳಗಿದೀನಿ."

"ಹುಲ್ಲಿನ ಕೊಟ್ಟಿಗೆ ಮನೆ ಯಾವಾಗ ಆಯ್ತು? ಅದರಲ್ಲಿ ಒಲೆ ಇದೆಯಾ?"

"ಒಲೆ ಇಲ್ದಿದ್ರೇನು, ಬಾಗಿಲ ಮೇಲೆ ಓಲಸಾರ್ ಅಂತ ಕಲ್ಲಲ್ಲಿ ಕೆತ್ಸಿದೀಯಲ್ಲ. ಅದನ್ನ ಹಿಡಿ, ಈ ತುದೀನ. ಸರಿಯಾಗಿ ನೋಡೇಬಿಡೋಣ."

ತಿಬುರ್ಸಿಯೊ ಟೇಪಿನ ತುದಿಯನ್ನು ಹಿಡಿದ. ಕಾಂದಿದೊ ರಸ್ತೆಯ ಅಂಚಿನಲ್ಲಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಟೇಪು ಬಿಡುತ್ತ ಹೋದ. ಹೋಗುತ್ತಲೇ ಮಾತಾಡಿದ: "ಹೆಣದ ಹಿಂದೆ ಯಾರ್ಯಾರು ಹೋದ್ರು ಅಂತ ಹುಡುಗರು ಬರ್ಕೋತಾರಂತೆ. ನಿನ್ನೆ ಪೇಟೇಲಿ ಹೇಳ್ತಿದ್ರು. ನಂಗೇನೂ ಅವನ ಮೇಲೆ ದ್ವೇಷ ಇಲ್ಲಪ್ಪ. ಒಳ್ಳೆ ಮನುಷ್ಯ. ಆದ್ರೆ ನೂರ ಎಂಬತ್ತು ಅಂದ್ರೆ ನೂರ ಎಂಬತ್ತು."

ತಿರುವಿನಿಂದ ಜೀಪು ಬಂದದ್ದು ಆಗ. ರಸ್ತೆಯ ಬದಿಯ ಹುಲ್ಲಿನಲ್ಲಿ ಒಂದು ತೆಳುವಾದ ಎಳೆ, ಅದರ ಎರಡು ತುದಿಗೆ ಬಗ್ಗಿದ ಇಬ್ಬರು ಗಂಡಸರು. ಆ ವರ್ಷ ಆ ಪ್ರಾಂತದಲ್ಲಿ ಅಂಥ ಎಳೆಗೆ ಒಂದೇ ಅರ್ಥವಿತ್ತು: ಬಾಂಬಿನ ತಂತಿ. ಜೀಪು ನಿಲ್ಲುವ ಮೊದಲೇ ನಾಲ್ವರು ಹಸಿರಂಗಿಗಳು ನೆಲಕ್ಕೆ ಬಿದ್ದು ಬಂದೂಕು ಗುರಿಯಿಟ್ಟರು. ಐದು ನಿಮಿಷದ ಬಳಿಕ ಎರಡು ಮುದಿ ಮುಖಗಳು ಒದ್ದೆ ಟಾರಿಗೆ ಒತ್ತಿಕೊಂಡಿದ್ದವು.

"ಏನದು, ಎಳೀತಿದ್ದದ್ದು?" ಎಂದು ಲೆಫ್ಟಿನೆಂಟ್ ಸಾರ್ಮಿಯೆಂತೊ ದೂರದಿಂದಲೇ ಕೇಳಿದ.

"ಟೇಪು, ಸಾಹೇಬ್ರೇ," ಎಂದ ಕಾಂದಿದೊ ರಸ್ತೆಗೆ.

"ಆ ತುದೀಲಿ ಏನಿದೆ?"

"ಓಲಸಾರ್ ಇದಾನೆ."

"ಏನನ್ನ ಅಳೀತಿದ್ರಿ?"

ಈ ಸಲ ತಿಬುರ್ಸಿಯೊ ತನಗೆ ಬರುವಷ್ಟು ಸ್ಪ್ಯಾನಿಷಿನಲ್ಲಿ ಹೇಳಿದ: "ಯಾರ ಮನೆ ಹತ್ತಿರ ಅಂತ."

"ಯಾವುದಕ್ಕೆ ಹತ್ತಿರ?"

"ಹೆಣಕ್ಕೆ."

ಲೆಫ್ಟಿನೆಂಟ್ ನಡೆದು ಬಂದು ಅವನ ಮುಖದ ಬಳಿ ಕುಕ್ಕರುಗಾಲಿನಲ್ಲಿ ಕುಳಿತ. ದಕ್ಷಿಣದ ಬಡ ಸೀಮೆಯವನು, ಮೂವತ್ತೈದರ ಒಳಗಿನವನು, ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು. "ಅಂದ್ರೆ ಹೆಣ ತನಗೆ ಬೇಡ ಅಂತ ಇಬ್ಬರೂ ಟೇಪು ಹಿಡ್ಕೊಂಡು ಬಂದಿದ್ದೀರಿ," ಎಂದ. ಅದು ಪ್ರಶ್ನೆಯಾಗಿರಲಿಲ್ಲ. ತಮ್ಮ ಕೆಲಸಕ್ಕೆ ಅದಕ್ಕಿಂತ ಸರಿಯಾದ ವಿವರಣೆಯಿಲ್ಲ ಎಂದು ತಿಬುರ್ಸಿಯೊನಿಗೆ ತಿಳಿದಿತ್ತು. ಟಾರಿನ ಮೇಲಿನ ಕೆಸರುನೀರು ಅವನ ಬಾಯಿಗೆ ಬರುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ಕಾಂದಿದೊನನ್ನು ಕಳುಹಿಸಿಬಿಟ್ಟರು. ಅವನು ಟೇಪು ಸುತ್ತಿಕೊಳ್ಳುತ್ತ, ಹಿಂತಿರುಗಿ ನೋಡದೆ ಇಳಿದುಹೋದ. ಲೆಫ್ಟಿನೆಂಟ್ ತಿಬುರ್ಸಿಯೊನ ತೋಳು ಹಿಡಿದು ಎಬ್ಬಿಸಿದ.

"ಬೆನ್ಯಾತ್ ನಿಮ್ಮ ಮಗ. ಇವತ್ತಿಗೆ ಒಂಬತ್ತನೇ ದಿನ."

"ಹೇಗಿದಾನೆ?"

"ಇದಾನೆ. ನೋಡಿ, ಟೀವಿಯವರು ಕೆಳಗೆ ಇಗರ್ಜಿ ಹತ್ರ ನಿಂತಿದ್ದಾರೆ. ಹನ್ನೊಂದಕ್ಕೆ ಹೆಣ ವ್ಯಾನಲ್ಲಿ ಹೋದ್ರೆ ಅದೊಂಥರ ಚಿತ್ರ. ನೆರೆಯವರು ಹೆಗಲ ಮೇಲೆ ತಂದ್ರೆ ಇನ್ನೊಂಥರ. ಭಯೋತ್ಪಾದಕರಿಗೆ ಹೆದರದ ಊರು ಅಂತ. ಮುಂದೆ ಶಿಲುಬೆ ಹಿಡಿದೋನು ಯಾರು, ಅವನ ಮಗ ಯಾರು ಅಂತ ಮೇಲಿನವರು ಗಮನಿಸ್ತಾರೆ."

"ನಾವು ಹೊತ್ರೂ ನಿಮಗೆ ಲಾಭ, ನೀವು ಹೊತ್ರೂ ನಿಮಗೆ ಲಾಭ. ನನ್ನ ಮಗನನ್ನ ಆ ಪೆಟ್ಟಿಗೆಗೆ ಯಾಕೆ ಕಟ್ತೀರಿ?"

"ನಾನು ಕಟ್ಲಿಲ್ಲ. ನೆನಪು ಮಾಡ್ದೆ," ಎಂದ ಲೆಫ್ಟಿನೆಂಟ್. ಜೀಪಿಗೆ ಹತ್ತುವ ಮೊದಲು ಒಂದು ಮಾತು ಸೇರಿಸಿದ: "ಈ ವರ್ಷ ನಾನು ಒಂಬತ್ತು ಪೆಟ್ಟಿಗೆ ಹೊತ್ತಿದ್ದೀನಿ. ಎಲ್ಲಾ ನಮ್ಮ ಹುಡುಗರು. ಒಂದಕ್ಕೂ ನಿಮ್ಮೂರಿನ ಒಂದು ಕಿಟಕಿ ತೆರೀಲಿಲ್ಲ."

ಅದು ನಿಜವಾಗಿತ್ತು. ನಿಜವಾದ ಮಾತನ್ನು ಹೊಲಸು ವ್ಯಾಪಾರಕ್ಕೆ ಹೊದಿಕೆ ಮಾಡಿದಾಗ ಅದು ಇನ್ನಷ್ಟು ನಾರುತ್ತದೆ ಎಂದುಕೊಂಡು ತಿಬುರ್ಸಿಯೊ ಮನೆಗೆ ಬಂದ. ಹೋದರೆ ಮಗನಿಗಾಗಿ ತನ್ನನ್ನು ಮಾರಿಕೊಂಡ ಎನ್ನುತ್ತಾರೆ. ಹೋಗದಿದ್ದರೆ ಪ್ರಾಣಕ್ಕಾಗಿ ಮಾರಿಕೊಂಡದ್ದು ತನಗೇ ಗೊತ್ತಿರುತ್ತದೆ. ಎರಡು ಕಡೆಯೂ ಮಾರಾಟವೇ ಆದ್ದರಿಂದ ಮನೆಯಲ್ಲೇ ಕೂರುವುದೆಂದು ನಿರ್ಧರಿಸಿದ. ಆಗ ಒಂಬತ್ತೂವರೆ.

ಮಿಕಾಯೆಲಾ ಮಾತಾಡದೆ ತಟ್ಟೆಯನ್ನು ಮುಂದಿಟ್ಟಳು. ಹಂದಿಯ ನೆತ್ತರು, ಈರುಳ್ಳಿ ತುಂಬಿ ಕಟ್ಟಿದ ಕರುಳನ್ನು ಹುರಿದು ತುಂಡು ಮಾಡಿದ್ದಳು, ಪಕ್ಕದಲ್ಲಿ ಬ್ರೆಡ್ಡು. ಅವನಿಗೆ ಹಸಿವಾಗಿತ್ತು, ಅದೂ ಅವನಿಗೆ ನಾಚಿಕೆಯ ವಿಷಯವಾಗಿ ತೋರಿತು. ಎರಡು ತುಂಡು ತಿಂದ. ಮೂರನೆಯದನ್ನು ಬಾಯಿಗೆ ಹಾಕಿದಾಗ ಹೆಂಡತಿ ಬಾಯಿ ಬಿಟ್ಟಳು.

"ಹೇಗಿದೆ?"

"ಚೆನ್ನಾಗಿದೆ."

"ಸುಮಿಚ್ ಮನೇದು. ಹೋದ ಶನಿವಾರ ಹಂದಿ ಕೊಯ್ದ್ರಲ್ಲ, ಬಾಲೆಂಚಿಯೊನೇ ತಂದು ಕೊಟ್ಟ. ಮೊದಲ ನೆರೆ ಪಾಲು." ಅವಳು ಒಲೆಯ ಕಡೆ ತಿರುಗಿಕೊಂಡೇ ಕೇಳಿದಳು: "ಇದು ಯಾವ ದಾರೀಲಿ ಬಂತು, ರೀ? ಹೊಸದ್ರಲ್ಲೋ, ಹಳೇದ್ರಲ್ಲೋ?"

ಬಾಯಲ್ಲಿದ್ದದ್ದು ಒಮ್ಮೆಲೇ ಏನೆಂದು ತಿಳಿದ ಹಾಗಾಯಿತು: ನೆತ್ತರು, ಕೊಬ್ಬು, ಸತ್ತವನು ತನ್ನ ಕೈಯಾರೆ ಕಟ್ಟಿದ ದಾರ. ನಾಲಿಗೆ ಅದನ್ನು ಅತ್ತಿತ್ತ ಸರಿಸಿತು. ಅವನು ಎದ್ದು ಬಾಗಿಲ ಕಡೆ ಹೆಜ್ಜೆ ಇಟ್ಟ.

"ನುಂಗಿ," ಎಂದಳು ಮಿಕಾಯೆಲಾ. "ಉಗುಳಿದ್ರೆ ಅದು ಅವನಿಗೆ ಎರಡನೇ ಅವಮಾನ."

ನುಂಗಿದ. ಟೋಪಿ ತೆಗೆದುಕೊಂಡ.

ಸುಮಿಚ್ ಅಂಗಳದಲ್ಲಿ ಕರಿಯ ವ್ಯಾನು ಹಿಮ್ಮುಖವಾಗಿ ಬಾಗಿಲಿಗೆ ಹತ್ತಿರ ನಿಂತಿತ್ತು. ಎಂಜಿನ್ ಓಡುತ್ತಲೇ ಇತ್ತು. ಅದರ ಹೊಗೆ ಸಾವಿನ ಮನೆಯೊಳಗೆ ಹೋಗುತ್ತಿತ್ತು. ಆ ಪ್ರಾಂತದ ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಒಳಗೆ ಪೆಟ್ಟಿಗೆಯ ಸುತ್ತ ನಾಲ್ವರು: ಕೊಂಚೇಸಿ, ಅವಳ ಮಗಳು ಗರಾಸಿ, ಕರಾವಳಿಯಿಂದ ಬಂದಿದ್ದ ಕೊಂಚೇಸಿಯ ತಮ್ಮ, ಪೇಟೆಯಿಂದ ಬಂದ ಸೊಂಟ ನೋವಿನ ಅಂಚೆಮಾಸ್ತರ. ಶಿಲುಬೆ ಕೊಂಚೇಸಿಯ ಕೈಯಲ್ಲಿತ್ತು. ಹೆಂಗಸು ಶಿಲುಬೆ ಹಿಡಿದದ್ದನ್ನು ಆ ಬೆಟ್ಟ ಕಂಡಿರಲಿಲ್ಲ. ಹೊರಲು ಮೂವರು ಉಳಿದಿದ್ದರು. ಪೆಟ್ಟಿಗೆಗೆ ಮೂಲೆಗಳು ನಾಲ್ಕು.

"ಬಂದೆ," ಎಂದ ತಿಬುರ್ಸಿಯೊ. ಆ ಮಾತು ಬರಬೇಕಾದ ಹೊತ್ತಿಗಿಂತ ಹತ್ತೊಂಬತ್ತು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಬಂದಿತ್ತು.

ಕೊಂಚೇಸಿ ಅವನ ಅಂಗಿಯ ಎದೆಯ ಮೇಲಿನ ಟಾರು ಮಣ್ಣನ್ನೂ ಸೊಂಟಕ್ಕೆ ಸುತ್ತಿದ್ದ ಗಂಟುಗಂಟಿನ ಹಗ್ಗವನ್ನೂ ನೋಡಿದಳು.

"ಅಳತೆ ಎಷ್ಟು ಬಂತು?"

ಸುಳ್ಳು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. "ಇನ್ನೂರ ನಲವತ್ತು."

ಮೂವತ್ತೊಂದು ವರ್ಷ ಅವಳು ಅವನನ್ನು 'ನೀನು' ಎಂದು ಕರೆದಿದ್ದಳು. ದನ ಕರು ಹಾಕುವಾಗ, ಹುಲ್ಲು ಕೊಯ್ಯುವಾಗ, ಮಗಳ ನಾಮಕರಣದಲ್ಲಿ, ಜಗಳದಲ್ಲಿ ಕೂಡ.

"ಶಿಲುಬೆ ನಾನು ಹಿಡೀತೀನಿ," ಎಂದಳು. "ಬೇಕಾದ್ರೆ ನೀವು ನಾಲ್ಕನೆಯವರಾಗಿ ಬನ್ನಿ. ಮೊದಲನೆಯವರಾಗಿ ಬೇಡ."

"ಆಗಲಿ," ಎಂದ ತಿಬುರ್ಸಿಯೊ, ಹಿಂದಿನ ಎಡಮೂಲೆಗೆ ಹೋಗಿ ನಿಂತ.

ಅಧಿಕಾರಿ ಒಂದು ಹೆಜ್ಜೆ ಮುಂದೆ ಬಂದ. "ಅಮ್ಮ, ಈ ದಾರಿ ಕೆಸರು. ನಮ್ಮ ಜವಾನರನ್ನ ಕೊಡ್ತೀನಿ."

"ನಿಮ್ಮೋರು ಅವನು ಬದುಕಿದ್ದಾಗ ಕಾವಲು ಕೊಡ್ಲಿಲ್ಲ. ಗೋಡೆ ಮೇಲಿನ ಬರಹದ ಫೋಟೋ ತಗೊಂಡು ಹೋದ್ರಿ, ಅಷ್ಟೆ. ಈಗ ದಾರಿ ಬಿಡಿ."

ಹೆಣದ ದಾರಿ ಒಂದು ಸಾವಿರದ ಆರುನೂರು ಮೀಟರ್. ಕೊಳೆತ ಚೆಸ್ಟ್‌ನಟ್ ಎಲೆ, ಅದರ ಕೆಳಗೆ ಜಾರುವ ಕಲ್ಲು. ಗರಾಸಿ ಗಿಡ್ಡಗಿದ್ದಳು, ಅಂಚೆಮಾಸ್ತರ ಕುಂಟುತ್ತಿದ್ದ. ಪೆಟ್ಟಿಗೆ ಮುಂದಕ್ಕೆ ವಾಲಿದಾಗಲೆಲ್ಲ ಒಳಗಿನ ಭಾರ ಒಂದಿಷ್ಟು ಸರಿದು ಹಲಗೆಗೆ ತಟ್ಟುವುದು ತಿಬುರ್ಸಿಯೊನ ಹೆಗಲಿಗೆ ತಿಳಿಯುತ್ತಿತ್ತು. ಬಾಯಲ್ಲಿ ಈರುಳ್ಳಿಯ ರುಚಿ ಇನ್ನೂ ಇತ್ತು. ಓಲಸಾರ್ ಅಂಗಳ ದಾಟುವಾಗ ಮಿಕಾಯೆಲಾ ಕೈಯೊರೆಸಿಕೊಂಡು ಬಂದು ಹಿಂದೆ ಸೇರಿಕೊಂಡಳು. ಕೆಳಗಿನ ನಾಲ್ಕು ಮನೆಗಳ ಕಿಟಕಿಗಳು ಮುಚ್ಚಿದ್ದವು. ಒಂದರ ಸಂದಿಯಲ್ಲಿ ಒಂದು ಕೈ ಕಂಡಿತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿತು, ಕಿಟಕಿ ಮತ್ತೆ ಮುಚ್ಚಿತು. ಅಷ್ಟು ಧೈರ್ಯಕ್ಕೆ ಆ ಮನೆಯವರು ಮುಂದೆ ವರ್ಷಗಟ್ಟಲೆ ತಮ್ಮನ್ನು ಮೆಚ್ಚಿಕೊಳ್ಳುತ್ತಾರೆ ಎಂದು ತಿಬುರ್ಸಿಯೊ ಎಣಿಸಿದ.

ಇಗರ್ಜಿಯಲ್ಲಿ ಹನ್ನೊಂದು ಜನ. ಪಾದ್ರಿ 'ಅನಿರೀಕ್ಷಿತವಾಗಿ ನಮ್ಮನ್ನು ಅಗಲಿದ ಸಹೋದರ' ಎಂದು ಓದಿದ, ಎದೆನೋವಿನಿಂದ ಹೋದವನ ವಿಷಯ ಹೇಳುವಂತೆ. ಕೊಂದರು ಎಂಬ ಕ್ರಿಯಾಪದ ಒಮ್ಮೆಯೂ ಬರಲಿಲ್ಲ. ಅಧಿಕಾರಿ ಕಾರಿನಲ್ಲಿ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಕೊನೆಯಲ್ಲಿ ಎದ್ದು, ಕ್ಯಾಮೆರಾದ ಕಡೆಗೆ ಅರ್ಧ ತಿರುಗಿ, ಪದಕವನ್ನು ಪೆಟ್ಟಿಗೆಯ ಮೇಲಿಟ್ಟ. ಕೊಂಚೇಸಿ ಅದನ್ನು ಎತ್ತಿ ಅವನ ಕೋಟಿನ ಜೇಬಿಗೆ ಹಾಕಿದಳು, ಜೇಬಿನ ಮುಚ್ಚಳವನ್ನೂ ಸರಿಮಾಡಿದಳು. ಟೀವಿಯವರು ಸಂಜೆ ಆ ಭಾಗವನ್ನು ತೋರಿಸಲಿಲ್ಲ. ನಾಲ್ಕನೆಯ ಮೂಲೆಯ ಮುದುಕನನ್ನು ತೋರಿಸಿದರು.

ಐದು ಗಂಟೆಗೆ ಜೀಪೊಂದು ಟಾರು ರಸ್ತೆಯಲ್ಲಿ ಏರಿ ಬಂದು, ಎಲ್ಲ ಮನೆಗಳಿಗೂ ಕಾಣುವ ತಿರುವಿನಲ್ಲಿ ನಿಂತು, ಬೆನ್ಯಾತ್‌ನನ್ನು ಇಳಿಸಿತು. ಇನ್ನೂ ಒಂದು ದಿನ ಬಾಕಿಯಿತ್ತು. ತಿಬುರ್ಸಿಯೊ ಏನನ್ನೂ ಒಪ್ಪಿಕೊಂಡಿರಲಿಲ್ಲ, ಏನನ್ನೂ ಬೇಡಿರಲಿಲ್ಲ. ಆದರೂ ಅವರು ಬೆಲೆ ಕೊಟ್ಟುಬಿಟ್ಟಿದ್ದರು, ಎಲ್ಲರೆದುರು. ಮಗನನ್ನು ಕಂಡು ತನಗೆ ಸಂತೋಷವಾದದ್ದನ್ನು ಅವನು ಕ್ಷಮಿಸಿಕೊಳ್ಳಲಾರದೆ ಹೋದ.

ಬೆನ್ಯಾತ್ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ಕಾಲು ಊದಿ ಶೂ ಬಿಚ್ಚಲಾಗುತ್ತಿರಲಿಲ್ಲ. ಮಿಕಾಯೆಲಾ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕುರಿ ಕತ್ತರಿಯಿಂದ ತೊಗಲನ್ನು ಕತ್ತರಿಸಿದಳು. ಪಾದದ ಅಡಿ ನೀಲಿಯಾಗಿತ್ತು, ಕೆಲವು ಕಡೆ ಕರಿಯಾಗಿತ್ತು.

"ಇಳಿಸೋವಾಗ, ನಿಮ್ಮಪ್ಪನಿಗೆ ವಂದನೆ ಹೇಳು ಅಂದ್ರು," ಎಂದ ಬೆನ್ಯಾತ್. "ನಂಗೋಸ್ಕರ ಹೊತ್ತೆಯಾ?"

"ಇಲ್ಲ."

"ಊರಲ್ಲಿ ಯಾರೂ ನಂಬಲ್ಲ."

"ಗೊತ್ತು."

ಮಗ ಕತ್ತರಿಯ ಕಡೆ ನೋಡಿದ. ಆಮೇಲೆ ಹೇಳಿದ: "ಬಾಲೆಂಚಿಯೊ ಚಾಡಿ ಹೇಳಿದೋನಲ್ಲ, ಅಪ್ಪ. ಠಾಣೆಗೆ ಸುದ್ದಿ ಮುಟ್ಟಿಸ್ತಿದ್ದೋನು ನಮ್ಮ ಕಾರ್ಖಾನೆ ಗೋದಾಮಿನೋನು. ಜುಲೈನಲ್ಲೇ ಮ್ಯಾಡ್ರಿಡ್‌ಗೆ ಓಡಿಹೋದ. ಗೋಡೆ ಮೇಲೆ ಹೆಸರು ಬಂದಾಗ ನಮ್ಮಲ್ಲಿ ಐದಾರು ಜನಕ್ಕೆ ಗೊತ್ತಿತ್ತು, ಇದು ತಪ್ಪು ಅಂತ."

"ನಿಮಗೆ ಗೊತ್ತಿತ್ತು."

"ಹೂಂ. ಯಾರಾದ್ರೂ ಹೋಗಿ ಹೇಳ್ತಾರೆ ಅಂದ್ಕೊಂಡ್ವಿ."

"ಹನ್ನೊಂದು ವಾರ."

ತಿಬುರ್ಸಿಯೊ ಮಗನ ಬರಿಗಾಲನ್ನು ನೋಡಿದ. ಅದನ್ನು ಹಾಗೆ ಮಾಡಿದವರ ಮೇಲೆ ಅವನಿಗೆ ಅಸಹ್ಯವಾಯಿತು. ಆ ಅಸಹ್ಯ ಅಲ್ಲಿಗೇ ನಿಲ್ಲದೆ ಪಾದದಿಂದ ಮೇಲಕ್ಕೆ ಹತ್ತಿ ಮಗನ ಮುಖದವರೆಗೂ ಬಂತು. ಅದನ್ನು ತಡೆಯಲು ಅವನು ಪ್ರಯತ್ನಿಸಲಿಲ್ಲ.

"ನಡೆಯೋ ಹಾಗಾದ ದಿನ ಸುಮಿಚ್‌ಗೆ ಹೋಗಿ ಈ ಮಾತನ್ನ ಕೊಂಚೇಸಿ ಎದುರಿಗೆ ಹೇಳು," ಎಂದ. "ಆಮೇಲೆ ಪಾನಶಾಲೇಲಿ ಎಲ್ಲರ ಮುಂದೆ ಹೇಳು."

"ಹೇಳಿದ್ರೆ ಮುಂದೆ ಗೋಡೆ ಮೇಲೆ ನನ್ನ ಹೆಸರು ಬರತ್ತೆ."

"ಬರತ್ತೆ. ನಾನೂ ಜೊತೆಗೆ ಬರ್ತೀನಿ."

ಮಿಕಾಯೆಲಾ ಇನ್ನೊಂದು ಶೂವಿಗೆ ಕೈ ಹಾಕಿದಳು. ಬೆನ್ಯಾತ್ ಕಾಲನ್ನು ಅವಳ ತೊಡೆಯಿಂದ ಹಿಂದಕ್ಕೆಳೆದುಕೊಂಡ.

"ಅದು ಹಾಗೇ ಇರ್ಲಿ ಅಮ್ಮ," ಎಂದ. "ನಡೆಯೋಕೆ ನಂಗೇನೂ ಅವಸರ ಇಲ್ಲ."